ಬಿಳಿಯ ಕೆಳಗೆ

ಬ್ಲೇಡು ಏನಕ್ಕೋ ಸಿಕ್ಕಿಕೊಂಡಿತು.

ರಂಜಿತ ಕೈ ತಡೆದಳು. ಹಲಗೆಗೆ ಪೇಪರು, ಬಟ್ಟೆಚೂರು, ಸುಣ್ಣ, ಬಣ್ಣ ಒಂದರ ಮೇಲೊಂದು ಹಚ್ಚಿ ಒಣಗಿಸಿ, ಆಮೇಲೆ ಕೆರೆದು, ಕೆಳಗಿನದನ್ನು ಅಲ್ಲಲ್ಲಿ ಮೇಲಕ್ಕೆ ತರುವುದು ಅವಳ ರೀತಿ. ಒಂದೆಳೆ ಹೆಚ್ಚು ಕೆರೆದರೆ ತಿಂಗಳ ಕೆಲಸ ಹಾಳು. ಆ ಭಯವಿಲ್ಲದ ಚಿತ್ರ ಸತ್ತ ಚಿತ್ರ ಎಂದು ವಕ್ಕಲೇರಿ ಶಾಲೆಯ ಮಕ್ಕಳಿಗೆ ಹೇಳುತ್ತಿದ್ದಳು. ಇನ್ನು ಹೇಳಬೇಕಾಗಿಲ್ಲ. ನಿನ್ನೆ ರಾಜೀನಾಮೆ ಕೊಟ್ಟಿದ್ದಳು.

ಧೈರ್ಯ ಕೊಟ್ಟಿದ್ದು ರೇಷ್ಮೆಗೂಡಿನ ಚೂರು ಅಂಟಿಸಿ ಮಾಡಿದ ಒಂದು ಚಿತ್ರ. ಗಂಡ ಅಮರನಾಥ್ ಅದನ್ನು ನರಸಾಪುರದ ತನ್ನ ಫ್ಯಾಕ್ಟರಿಗೆ ಒಯ್ದಿದ್ದ. ಮ್ಯಾನೇಜರು ಕೇಳಿ ತಗೊಂಡರು, ರೂಮಿನಲ್ಲಿ ತೂಗುಹಾಕಿದ್ದಾರೆ ಎಂದಿದ್ದ. "ದಿನಾ ನೋಡ್ತಾರಂತೆ ಕಣೇ." ಆ ವಾರವೇ ಬಿಳಿ ಬಳಿದ ಹೊಸ ಹಲಗೆಯನ್ನೂ ತಂದುಕೊಟ್ಟಿದ್ದ. ಈಗ ಕೆರೆಯುತ್ತಿದ್ದುದು ಅದನ್ನೇ.

ಆ ಬಿಳಿಯ ಕೆಳಗೆ ಈಗ ಸಿಕ್ಕಿದ್ದು ರೇಷ್ಮೆಗೂಡು. ಪಕ್ಕದಲ್ಲಿ ತಾನೇ ಹಚ್ಚಿದ್ದ ಅರಿಶಿನ ಬಣ್ಣ.

ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಭಾರತಮ್ಮ ನಕ್ಕರು. "ಗುರುತು ಸಿಗದಂಗೆ ಅಂಚು ಕೊಯ್ಸಿಕೊಂಡು ಬಂದು ಎರಡು ದಿನ ಕೂತು ಬಳಿದ ಅವನು. ನೀನು ಒಂದೇ ಹೊತ್ತಿಗೆ ಕಿತ್ತಾಕಿದೆ. ಒಳ್ಳೆ ಜೋಡಿ!"

"ನಿಮಗೂ ಗೊತ್ತಿತ್ತಾ ಅತ್ತೆ?"

"ನಂಗೇನು ಗೊತ್ತಾಗತ್ತಮ್ಮಾ. ಕಾಳು ಬೇಯಕ್ಕಿಡ್ಲಾ?"

ಮಧ್ಯಾಹ್ನ ಕಂಪನಿ ಬಸ್ಸಿಳಿದು ಅಮರನಾಥ್ ಬಂದ.

"ಇದು ಯಾವ ಹಲಗೆ ರೀ?"

ಅವನು ನೋಡಿದ. ಶೂ ಬಿಚ್ಚಿದ. "ಊಟ ಮಾಡಿದ್ಯಾ?"

"ಯಾವ ಹಲಗೆ?"

"ಗೇಟಲ್ಲೇ ವಾಪಸ್ ಕಳಿಸಿದ್ರು ಕಣೇ. ಹೇಳೋಣ ಅಂತಾನೇ ಬಂದೆ. ಬಾಗಿಲಲ್ಲಿ ನಗ್ತಾ ನಿಂತಿದ್ದೆ ನೀನು."

"ದಿನಾ ನೋಡ್ತಾರೆ ಅಂದ್ರಿ."

"ಕೆಲಸ ಬಿಡ್ತೀಯ ಅಂತ ಯಾರಿಗೆ ಗೊತ್ತಿತ್ತು?"

ಸುಳ್ಳನ್ನೂ ಅಕ್ಕರೆಯಿಂದ ಬಳಿದಿದ್ದ. ಒಂದು ಬ್ರಶ್ಶಿನ ಗುರುತೂ ಉಳಿದಿರಲಿಲ್ಲ. ತನಗಿಂತ ನುಣ್ಣಗೆ ಬಳಿದಿದ್ದಾನಲ್ಲ ಅನ್ನಿಸಿತು ಅವಳಿಗೆ.

"ಎತ್ತಿ ಹಿಡ್ಕೊಳ್ಳಿ," ಎಂದಳು.

"ಏನಕ್ಕೆ?"

"ಇನ್ನೂ ಕೆರೀಬೇಕು."

ಅವನು ಹಲಗೆಯನ್ನು ಎದೆಗೊತ್ತಿ ಎತ್ತಿ ಹಿಡಿದ. ಮುಖ ಮರೆಯಾಯಿತು. ಎರಡೂ ಅಂಚಿನಲ್ಲಿ ನಾಲ್ಕು ನಾಲ್ಕು ಬೆರಳು ಮಾತ್ರ ಕಾಣುತ್ತಿದ್ದವು. ಬಿಳಿ ಹೋಯಿತು, ಅರಿಶಿನ ಹೋಯಿತು, ಗೂಡು ಪುಡಿಯಾಗಿ ಅವಳ ಪಾದದ ಮೇಲೆ ಉದುರಿತು. ಬರೀ ಮರ ಬಂತು.

"ಸಾಕಾ?" ಎಂದು ಮರದೊಳಗಿನಿಂದ ಕೇಳಿಸಿತು.

ಒತ್ತಿ ಹಿಡಿದ ಬೆರಳುಗಳು ಬಿಳಿಚಿಕೊಂಡಿದ್ದವು. ಕೆರೆಯುತ್ತಾ ಕೆರೆಯುತ್ತಾ ಅವಳ ಬ್ಲೇಡು ಆ ಬೆರಳುಗಳಿದ್ದ ಅಂಚಿನವರೆಗೆ ಬಂದಿತ್ತು.