ನೀರು ಕುಡಿಯದ ಕಂಡಕ್ಟರ್

ಕುಷ್ಟಗಿಯಿಂದ ಗಂಗಾವತಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಅತೀಯಾ ಕಂಬಿ ಹಿಡಿದು ನಿಂತದ್ದನ್ನು ಕಂಡವರು ಯಾರೂ ಇಲ್ಲ. ತಾವರಗೇರಾ ದಾಟಿದ ಮೇಲೆ ರಸ್ತೆ ಹೇಗೇ ಕುಣಿಸಲಿ, ಕನಕಗಿರಿಯ ಸಂತೆಯ ದಿನ ಒಳಗೆ ಎಷ್ಟೇ ಮಂದಿ ತುಂಬಿರಲಿ, ಆಕೆ ಎರಡೂ ಕೈಯಲ್ಲಿ ಟಿಕೆಟ್ ಯಂತ್ರ ಹಿಡಿದು, ಕಾಲು ತುಸು ಅಗಲಿಸಿ, ತನ್ನ ಮನೆಯ ಪಡಸಾಲೆಯಲ್ಲಿ ನಿಂತಷ್ಟು ನಿರಾಳವಾಗಿ ನಿಲ್ಲುತ್ತಾಳೆ. ಬ್ರೇಕ್ ಹಾಕಿದರೆ ಬೀಳುವವರು ಪ್ರಯಾಣಿಕರು, ಅವರ ರಟ್ಟೆ ಹಿಡಿದು ನಿಲ್ಲಿಸುವವಳು ಅತೀಯಾ.

ಆಕೆಗೆ ಇನ್ನೊಂದು ಹೆಗ್ಗಳಿಕೆಯೂ ಇತ್ತು. ಬೆಳಿಗ್ಗೆ ಮನೆಯಲ್ಲಿ ಅರ್ಧ ಕಪ್ ಚಹಾ ಕುಡಿದು ಡ್ಯೂಟಿಗೆ ಬಂದರೆ ಸಂಜೆ ಮನೆಯ ಹೊಸ್ತಿಲು ತುಳಿಯುವ ತನಕ ಒಂದು ಹನಿ ನೀರು ಮುಟ್ಟುತ್ತಿರಲಿಲ್ಲ. ಏಪ್ರಿಲ್ ತಿಂಗಳಲ್ಲಿ ಬಸ್ಸಿನ ತಗಡು ರೊಟ್ಟಿ ಹಂಚಿನಂತೆ ಕಾದಿರುವಾಗಲೂ ಅಷ್ಟೇ. ಡಿಪೋದವರು ಆಕೆಗೆ ಒಂಟೆ ಎಂದು ಹೆಸರಿಟ್ಟಿದ್ದರು, ಆಕೆ ಅದನ್ನು ಬಿರುದೆಂದೇ ತಿಳಿದಿದ್ದಳು. ಯಾಕೆ ಕುಡಿಯುವುದಿಲ್ಲ ಎಂದು ಗಂಡಸರು ಕೇಳಲಿಲ್ಲ, ಹೆಂಗಸರು ಕೇಳುವ ಅಗತ್ಯವೇ ಇರಲಿಲ್ಲ. ಕುಡಿದರೆ ಹೋಗಬೇಕು, ಹೋಗಲು ಜಾಗ ಬೇಕು. ಡ್ರೈವರ್ ದುರುಗಪ್ಪನಿಗೆ ಒಂದು ಜಾಲಿ ಗಿಡ ಸಿಕ್ಕರೆ ಅರಮನೆ ಸಿಕ್ಕಂತೆ. ಲೇಡಿ ಕಂಡಕ್ಟರಿಗೆ ಬಾಗಿಲು ಬೇಕು, ಬಾಗಿಲಿಗೆ ಚಿಲಕ ಬೇಕು, ಒಳಗೆ ಕಾಲಿಡುವಷ್ಟಾದರೂ ಶುಚಿ ಬೇಕು, ಹೊರಗೆ ಬಸ್ಸು ಕಾಯಬೇಕು. ಇಷ್ಟೂ ಕೂಡಿ ಬರುವುದು ಮದುವೆಯ ಜಾತಕ ಕೂಡಿ ಬರುವುದಕ್ಕಿಂತ ಕಷ್ಟ.

ಇಂಥವಳ ತಲೆಗೆ ಹಿಮಾಲಯ ಹೊಕ್ಕಿದ್ದು ಲಗೇಜ್ ಟಿಕೆಟ್ಟಿನ ದೆಸೆಯಿಂದ. ಸಾಣಾಪುರದ ಬಂಡೆ ಹತ್ತಲು ಬಂದಿದ್ದ ಇಬ್ಬರು ಹುಡುಗಿಯರು ಒಂದು ದಿನ ಆಳೆತ್ತರದ ಬೆನ್ನುಚೀಲ ಹೊತ್ತು ಆಕೆಯ ಬಸ್ ಹತ್ತಿದರು. ಚೀಲಕ್ಕೆ ಲಗೇಜ್ ಟಿಕೆಟ್ ತಗೊಳ್ಳಿ ಎಂದಳು ಅತೀಯಾ. ಅಷ್ಟೇನೂ ಭಾರವಿಲ್ಲ ಎಂದರು ಅವರು. ಭಾರ ನೋಡಿಯೇ ಬಿಡೋಣವೆಂದು ಆಕೆ ಒಂದು ಚೀಲವನ್ನು ಬೆನ್ನಿಗೇರಿಸಿ, ಓಡುವ ಬಸ್ಸಿನಲ್ಲಿ ಏನನ್ನೂ ಹಿಡಿಯದೆ ಹಿಂದಿನ ಸೀಟಿನ ತನಕ ಹೋಗಿ ಬಂದಳು. ಹುಡುಗಿಯರು ನಕ್ಕು ಟಿಕೆಟ್ ತಗೊಂಡರು. ಒಬ್ಬಳು ಮೊಬೈಲಿನಲ್ಲಿ ವಿಡಿಯೋ ತೋರಿಸಿದಳು: ಬೆಳ್ಳಗಿನ ಹಿಮದ ಬಯಲು, ಸೊಂಟಕ್ಕೆ ಒಂದೇ ಹಗ್ಗ ಕಟ್ಟಿಕೊಂಡು ಸಾಲಾಗಿ ನಡೆಯುವ ಮಂದಿ.

"ಆಂಟಿ, ಇಲ್ಲಿ ನೀವು ನಮಗಿಂತ ಚೆನ್ನಾಗಿ ನಡೀತೀರ."

"ಇಷ್ಟ ಏನು? ನಮ್ಮ ರೋಡಿನಷ್ಟೂ ಕುಣಿಯಂಗಿಲ್ಲಲ್ಲ ಇದು," ಎಂದಳು ಅತೀಯಾ. ಅವತ್ತೇ ನಿರ್ಧಾರವಾಗಿ ಹೋಯಿತು.

ಯಲಬುರ್ಗಾ ಲೈನಿನ ಕಂಡಕ್ಟರ್ ಸುಮಂಗಲಾ ಆಕೆಯ ಜೀವದ ಗೆಳತಿ, ವಯಸ್ಸಿನಲ್ಲಿ ದೊಡ್ಡವಳು. "ನೀ ಬರಲಿಲ್ಲಂದ್ರ ನಾ ಒಬ್ಬಾಕೀನ ಹೋಗ್ತೀನಿ ಸುಮಕ್ಕ. ಆಮ್ಯಾಲ ನಿನಗ ನಿದ್ದಿ ಬರತೈತೇನು ನೋಡು," ಎಂದಾಗ ಸುಮಂಗಲಾ ತಲೆ ಚಚ್ಚಿಕೊಂಡು ಒಪ್ಪಿದಳು. ಇಬ್ಬರೂ ರಜೆಯ ದಿನಗಳಲ್ಲಿ ಅಭ್ಯಾಸಕ್ಕೆಂದು ಬೆನ್ನಿಗೆ ಜೋಳದ ಚೀಲ ಕಟ್ಟಿಕೊಂಡು ಕೊಪ್ಪಳದ ಕೋಟೆ ಹತ್ತಿ ಇಳಿದರು. ಅತೀಯಾ ಎರಡು ಬೆಟ್ಟಗಳ ನಡುವಿನ ಹಿಮದ ದಾರಿ, ಪಾಸ್ ಅನ್ನುತ್ತಾರಲ್ಲ, ಅದನ್ನು ದಾಟಲು ಹೋಗುತ್ತಾಳೆಂಬ ಸುದ್ದಿಯನ್ನು ಯಾರೂ ಹಬ್ಬಿಸಬೇಕಾಗಲಿಲ್ಲ. ಟಿಕೆಟ್ ಕೊಡುತ್ತಲೇ ಆಕೆ ಪ್ರಯಾಣಿಕರಿಗೆಲ್ಲ ಹೇಳಿ ಮುಗಿಸಿದ್ದಳು.

ಕೂಲರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಗಂಡ ಶಬ್ಬೀರ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡುತ್ತ ಅಂದ: "ಹೋಗು, ಆದ್ರ ದಾಟೇ ಬಾ. ಅರ್ಧಕ್ಕ ತಿರುಗಿ ಬಂದ್ರ ಮಂದಿ ನನ್ನ ಅಂಗಡಿ ಮುಂದ ನಿಂತು ಕೇಳ್ತಾರ."

"ದಾಟದ ನಾ ಯಾಕ ಬರ್ಲಿ?" ಎಂದಳು. ಆ ಮಾತಿನಲ್ಲಿ ಒಂದು ಎಳೆಯಷ್ಟೂ ಅನುಮಾನವಿರಲಿಲ್ಲ.

ಹಿಮಾಲಯದಲ್ಲಿ, ಗಢವಾಲದ ಬೆಟ್ಟಗಳಲ್ಲಿ ಅವರ ತಂಡವನ್ನು ನಡೆಸಿದವಳು ಬಿಮಲಾ ಪಂವಾರ್. ಅಲ್ಲಿಯದೇ ಹಳ್ಳಿಯವಳು, ಮಾತು ಕಡಿಮೆ, ಕಣ್ಣು ಚುರುಕು. ತಂಡದಲ್ಲಿ ಪುಣೆಯ ಒಬ್ಬ ಡಾಕ್ಟರಮ್ಮ, ಆಕೆಯ ಗಂಡ, ಕೊನೆಯಲ್ಲಿ ಬಿಮಲಾಳ ಸಹಾಯಕ. ಅತೀಯಾ ತನ್ನ ಮನೆಯ ದಖ್ಖನಿಯಲ್ಲಿ ಮಾತಾಡುತ್ತಿದ್ದಳು, ಬಿಮಲಾ ತನ್ನ ಬೆಟ್ಟದ ಹಿಂದಿಯಲ್ಲಿ. ಅರ್ಧ ಭಾಷೆಯಲ್ಲಿ, ಅರ್ಧ ಕೈಸನ್ನೆಯಲ್ಲಿ ಇಬ್ಬರಿಗೂ ಚೆನ್ನಾಗಿ ನಡೆದುಹೋಯಿತು.

ಮೊದಲು ದೇವದಾರು ಕಾಡು, ಆಮೇಲೆ ಹುಲ್ಲುಗಾವಲು, ಆಮೇಲೆ ಬರೀ ಕಲ್ಲು. ಹಿಮನದಿ ತಳ್ಳಿ ತಂದು ಗುಡ್ಡೆ ಹಾಕಿದ ಆ ಕಲ್ಲುಗಳು ಕಾಲಿಟ್ಟರೆ ಹೊರಳುತ್ತಿದ್ದವು. ಡಾಕ್ಟರಮ್ಮನ ಗಂಡ ನಾಲ್ಕು ಕಾಲಿನ ಪ್ರಾಣಿಯಾಗಿಬಿಟ್ಟ. ಅತೀಯಾ ಮಾತ್ರ ಕನಕಗಿರಿ ಸ್ಟಾಪಿನಲ್ಲಿ ಇಳಿದು ಹತ್ತುವಷ್ಟು ಸಲೀಸಾಗಿ ನಡೆದಳು. ಬಿಮಲಾ ನಿಂತು ನೋಡಿದಳು, ಹುಬ್ಬೇರಿಸಿದಳು. ಅಷ್ಟು ಸಾಕಾಯಿತು ನಮ್ಮ ಅತೀಯಾಗೆ, ಎದೆ ಎರಡು ಗೇಣು ಅಗಲವಾಯಿತು.

ನೀರಿನ ವಿಷಯಕ್ಕೆ ಬಂದಾಗ ಮಾತ್ರ ತಕರಾರು. ತಂಗಿದಲ್ಲೆಲ್ಲ ಬಿಮಲಾ "ಕುಡಿಯಿರಿ, ಕುಡಿಯಿರಿ" ಎನ್ನುವಳು, ಡಾಕ್ಟರಮ್ಮನೂ ದನಿಗೂಡಿಸುವಳು. ಅತೀಯಾ "ನಕ್ಕೋ ನಕ್ಕೋ" ಎಂದು ಬೇಡವೆಂಬಂತೆ ಕೈಯಾಡಿಸುವಳು. ಡ್ಯೂಟಿಯ ಮೇಲೆ ನೀರು ಕುಡಿಯದಿರುವುದು ಆಕೆಗೆ ಉಸಿರಾಟದಷ್ಟು ಸಹಜವಾಗಿತ್ತು, ನಡೆಯುವುದೂ ಒಂದು ಡ್ಯೂಟಿಯೇ. ಅದೂ ಅಲ್ಲದೆ ಮರಗಳ ಸೀಮೆ ದಾಟಿದ ಮೇಲೆ ಮರೆಯೆಂಬುದೇ ಇರಲಿಲ್ಲ. ಕಣ್ಣು ಹಾಯಿಸಿದಷ್ಟೂ ಬಯಲು, ಮುಂದೆ ಹಿಂದೆ ಗಂಡಸರು. ಬಿಸಿಲನಾಡಿನವಳು ತಾನು, ಈ ಥಂಡಿಯಲ್ಲಿ ನೀರು ಯಾರಿಗೆ ಬೇಕು ಎಂದುಕೊಂಡಳು.

ಹಿಮನದಿಯ ಅಂಚಿನ ಕೊನೆಯ ಕ್ಯಾಂಪಿಗೆ ಬಂದ ಸಂಜೆ ತಲೆ ಸಿಡಿಯತೊಡಗಿತು. ಶಬ್ಬೀರ ಕಟ್ಟಿಕೊಟ್ಟ ರೊಟ್ಟಿಯ ವಾಸನೆಗೇ ಹೊಟ್ಟೆ ತೊಳಸಿ, ಅತೀಯಾ ಡೇರೆಯ ಹಿಂದೆ ಹೋಗಿ ವಾಂತಿ ಮಾಡಿದಳು. ಯಾರಿಗೂ ಹೇಳಬೇಡ ಎಂದು ಸುಮಂಗಲಾಳ ಕೈ ಹಿಡಿದಳು. ಸುಮಂಗಲಾ ಕೈ ಕೊಡವಿಕೊಂಡು ನೇರವಾಗಿ ಬಿಮಲಾಳನ್ನೇ ಕರೆತಂದಳು. ಬಿಮಲಾ ಬೆರಳಿಗೆ ರಕ್ತದ ಆಮ್ಲಜನಕ ಅಳೆಯುವ ಚಿಮುಟಿಗೆಯಂಥ ಯಂತ್ರ ಸಿಕ್ಕಿಸಿ ನೋಡಿದಳು, ಡಾಕ್ಟರಮ್ಮ ಕಣ್ಣು ನಾಲಿಗೆ ನೋಡಿದಳು. ಆಮೇಲೆ ಬಿಮಲಾ ಅತೀಯಾಳ ನೀರಿನ ಬಾಟಲಿ ಎತ್ತಿದಳು. ಅದು ಬೆಳಿಗ್ಗೆ ತುಂಬಿಸಿದಷ್ಟೇ ತುಂಬಿತ್ತು.

"ಇವತ್ತು ಎಷ್ಟು ಸಲ ಮೂತ್ರಕ್ಕೆ ಹೋದೆ?"

"ಬೆಳಿಗ್ಗೆ ಒಂದು ಸಲ. ನನಗೆ ರೂಢಿ ಇದೆ," ಎಂದಳು ಅತೀಯಾ ಹೆಮ್ಮೆಯಿಂದ.

ಬಿಮಲಾ ಮೆಚ್ಚಲಿಲ್ಲ. ಇಷ್ಟು ಎತ್ತರದಲ್ಲಿ ಗಾಳಿಯೇ ಮೈಯ ನೀರು ಹೀರುತ್ತದೆ, ನೀರಿಲ್ಲದ ಮೈಯನ್ನು ಮೇಲೆ ಹತ್ತಿಸಿದರೆ ಹೆಣ ಇಳಿಸಬೇಕಾಗುತ್ತದೆ ಎಂದು ಮುಲಾಜಿಲ್ಲದೆ ಹೇಳಿದಳು. "ನಾಳೆ ಇಲ್ಲೇ ಇದ್ದು ಎಲ್ಲರೂ ಹಗ್ಗದ ಅಭ್ಯಾಸ ಮಾಡುತ್ತೇವೆ. ನೀನು ಕುಡಿ. ನಾಡಿದ್ದು ತಲೆನೋವು ಪೂರ್ತಿ ಹೋಗಿದ್ದರೆ ಕರೆದುಕೊಂಡು ಹೋಗುತ್ತೇನೆ. ಹಿಮದ ಮೇಲೂ ನಿನ್ನ ಬಾಟಲಿ ನೋಡುತ್ತಿರುತ್ತೇನೆ. ಮತ್ತೆ ತಲೆನೋವು ಬಂತೋ, ಅಲ್ಲಿಂದಲೇ ವಾಪಸು. ಹಗ್ಗ ಒಂದೇ ಇರುವುದು, ನೀನು ತಿರುಗಿದರೆ ಎಲ್ಲರೂ ತಿರುಗಬೇಕು."

"ಕುಡಿಯುತ್ತೇನೆ. ಆದರೆ ಹಿಮದ ಮೇಲೆ ಹೋಗುವುದೆಲ್ಲಿಗೆ?"

"ಎಲ್ಲಿಗೂ ಇಲ್ಲ. ಹಿಮದ ಕೆಳಗೆ ಬಿರುಕುಗಳಿವೆ, ಹಗ್ಗ ಬಿಚ್ಚುವ ಹಾಗಿಲ್ಲ. ನಿಲ್ಲಿಸಿ ಅನ್ನು. ಎಲ್ಲರೂ ನಿಂತು ಮುಖ ತಿರುಗಿಸುತ್ತಾರೆ. ನಿಂತ ಜಾಗದಲ್ಲೇ ಮುಗಿಸು."

ಅತೀಯಾಗೆ ತಲೆನೋವು ಮರೆತೇ ಹೋಯಿತು. ಗಂಡಸರ ನಡುವೆ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು! ಬಿಮಲಾ ಹೋದ ಮೇಲೆ, "ಸತ್ರೂ ಆಗಂಗಿಲ್ಲ ಸುಮಕ್ಕ," ಎಂದಳು.

"ಹಂಗಾರ ಸಾಯಿ," ಎಂದು ಸುಮಂಗಲಾ ಬಿಸಿನೀರಿನ ಲೋಟ ಕೈಗೆ ತುರುಕಿದಳು. "ಅಲ್ಲ, ನನ್ನ ಪಾಡು ಬ್ಯಾರೆ ಐತೇನು? ಉರಿಮೂತ್ರ ಆಗಿ ಹೋದ ವರ್ಷ ದವಾಖಾನ್ಯಾಗ ಬಿದ್ದಿದ್ದಿಲ್ಲೇನು ನಾನು? ಕುಡಿ ಸುಮ್ಮನ."

ಅತೀಯಾ ಕುಡಿದಳು. ಮರುದಿನವೆಲ್ಲ ಕುಡಿದಳು, ಕ್ಯಾಂಪಿನ ಪಾಯಖಾನೆ ಡೇರೆಗೆ ಓಡಾಡಿ ಓಡಾಡಿ ಹಿಮದಲ್ಲಿ ಹೊಸ ದಾರಿಯನ್ನೇ ಮಾಡಿದಳು. ಸಂಜೆಯ ಹೊತ್ತಿಗೆ ತಲೆ ಹಗುರವಾಗಿ, ಇಲ್ಲಿಯ ತನಕ ತಾನು ನೋಡಿದ್ದ ಬಣ್ಣಗಳಿಗೆಲ್ಲ ಯಾರೋ ಧೂಳು ಒರೆಸಿದಂತೆ ಕಂಡಿತು. ಕಂಡಕ್ಟರ್ ಕೆಲಸದ ವರ್ಷಗಳಲ್ಲಿ ದಿನಾ ಸಂಜೆ ತಲೆ ಭಾರವಾಗುತ್ತಿದ್ದುದು ಕೆಲಸದಿಂದಲೇ ಎಂದು ನಂಬಿದ್ದಳಲ್ಲ, ಅದನ್ನು ನೆನೆದು ಆಕೆಗೆ ಮೊದಲು ಆಶ್ಚರ್ಯವಾಯಿತು, ಬಳಿಕ ಸಿಟ್ಟು ಬಂತು. ಬೆಳಗಾದಾಗ ಬಿಮಲಾ ಬೆರಳ ಯಂತ್ರ ನೋಡಿ, ಹೊರಡು ಎಂದಳು.

ಬೂಟಿಗೆ ಕಬ್ಬಿಣದ ಮುಳ್ಳು, ಸೊಂಟಕ್ಕೆ ಪಟ್ಟಿ, ಪಟ್ಟಿಗೆ ಹಗ್ಗ, ಕೈಗೆ ಹಿಮಕೊಡಲಿ. ಮುಂದೆ ಬಿಮಲಾ, ಆಕೆಯ ಹಿಂದೆ ಅತೀಯಾ, ಸುಮಂಗಲಾ, ಡಾಕ್ಟರಮ್ಮ, ಆಕೆಯ ಗಂಡ, ಕೊನೆಗೆ ಸಹಾಯಕ. ಹಿಮನದಿ ಬೆಳಗಿನ ಬಿಸಿಲಿನಲ್ಲಿ ಸುಣ್ಣ ಬಳಿದ ಗೋಡೆಯಂತೆ ಕಣ್ಣು ಕುಕ್ಕುತ್ತಿತ್ತು. ದೂರದಲ್ಲಿ ಎರಡು ಶಿಖರಗಳ ನಡುವೆ ಪಾಸ್ ಕಾಣುತ್ತಿತ್ತು. ಅತೀಯಾಳ ಕಾಲುಗಳು ಹಾಡಿಕೊಂಡು ನಡೆದವು. ಬಿಮಲಾ ತಿರುಗಿ ನೋಡಿದಾಗಲೆಲ್ಲ ಆಕೆ ಬಾಟಲಿ ಎತ್ತಿ ಒಂದು ಗುಟುಕು ಕುಡಿಯುತ್ತಿದ್ದಳು.

ಆಗಬೇಕಾದದ್ದು ಅರ್ಧ ದಾರಿಯಲ್ಲಿ ಆಯಿತು. ಮೊದಲು ಸಣ್ಣಗೆ ಹೊಟ್ಟೆಯ ಕೆಳಗೆ ಬಿಗಿ. ಅತೀಯಾಗೆ ನಗು ಬಂತು, ಇದನ್ನು ತಡೆಯುವುದರಲ್ಲಿ ತನ್ನನ್ನು ಮೀರಿಸುವವರುಂಟೇ! ಬಿಗಿ ಹೆಚ್ಚಾಯಿತು. ಬಾಟಲಿಗೆ ಬಾಯಿ ತಾಗಿಸಿದಳು, ನೀರು ನುಂಗಲಿಲ್ಲ. ಇನ್ನಷ್ಟು ದೂರ ಹೋದ ಮೇಲೆ ತಾಗಿಸುವುದನ್ನೂ ಬಿಟ್ಟಳು. ಏರು ಶುರುವಾಯಿತು. ಬಲಗಣ್ಣಿನ ಹಿಂದೆ ಸೂಜಿ ಚುಚ್ಚಿದಂತೆ ನೋವು ಎದ್ದಿತು. ಅದೇ ತಲೆನೋವು ಬಾಗಿಲು ತಟ್ಟುತ್ತಿತ್ತು.

ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಪಾಸ್ ಹೋಗುತ್ತದೆ. ತನ್ನದೊಂದೇ ಹೋದರೆ ಹೋಗಲಿ, ಸುಮಕ್ಕನದೂ ಡಾಕ್ಟರಮ್ಮನದೂ ಹೋಗುತ್ತದೆ. ಅತೀಯಾ ನಡೆಯುತ್ತಲೇ ಯೋಚಿಸಿದಳು. ಎಷ್ಟು ಜನರಿಗಾಗಿ ತಾನು ಬಸ್ ನಿಲ್ಲಿಸಿಲ್ಲ! ಬಸುರಿ ಹೆಂಗಸಿಗೆ ಹೊಲದ ಬದುವಿನಲ್ಲಿ ನಿಲ್ಲಿಸಿದ್ದಾಳೆ, ಸಕ್ಕರೆ ಕಾಯಿಲೆಯ ಮುದುಕನಿಗೆ ದಿನಾ ಒಂದೇ ಸೇತುವೆಯ ಹತ್ತಿರ ನಿಲ್ಲಿಸಿದ್ದಾಳೆ, ಚಡ್ಡಿ ಹಿಡಿದುಕೊಂಡು ಕುಣಿಯುವ ಮಕ್ಕಳಿಗೆ ನಿಲ್ಲಿಸಿ, ತಡವಾಯಿತೆಂದು ಗೊಣಗಿದ ಮಂದಿಯ ಬಾಯಿ ಮುಚ್ಚಿಸಿದ್ದಾಳೆ. ಒಂದೇ ಒಂದು ಸಲ ತನಗಾಗಿ ನಿಲ್ಲಿಸಿಲ್ಲ. ನಿಲ್ಲಿಸಬಹುದೆಂಬ ವಿಚಾರವೇ ತಲೆಗೆ ಬಂದಿರಲಿಲ್ಲ. ತನ್ನ ಮೇಲೆ ತನಗೇ ಇಷ್ಟು ಕನಿಕರ ಯಾವತ್ತೂ ಹುಟ್ಟಿರಲಿಲ್ಲ.

"ಹೋಲ್ಡಾನ್!"

ಬಸ್ಸಿನ ಹಿಂದಿನ ಬಾಗಿಲಿನಿಂದ ಡ್ರೈವರಿಗೆ ಮುಟ್ಟುವ ದನಿ ಅದು. ಹಿಮದ ಗೋಡೆಗಳಿಗೆ ಬಡಿದು ಮೂರು ಕಡೆಯಿಂದ ವಾಪಸು ಬಂತು. ಸಾಲಿಗೆ ಸಾಲೇ ಗಕ್ಕನೆ ನಿಂತಿತು. ಡಾಕ್ಟರಮ್ಮನ ಗಂಡ ಹಿಮವೇ ಬಿರುಕು ಬಿಟ್ಟಿತೆಂದು ಹಿಮಕೊಡಲಿ ಊರಿ ಕುಕ್ಕರಿಸಿಯೇಬಿಟ್ಟ.

"ಏನೂ ಆಗಿಲ್ಲ. ನನಗೆ ಹೋಗಬೇಕು," ಎಂದಳು ಅತೀಯಾ, ಎಲ್ಲರಿಗೂ ಕೇಳುವಂತೆ. "ಗಂಡಸರು ಆ ಕಡೆ ನೋಡಿ."

ಬಿಮಲಾ ನಗಲಿಲ್ಲ. ಹಗ್ಗ ಬಿಗಿ ಹಿಡಿಯಿರಿ, ಮುಖ ತಿರುಗಿಸಿ ಎಂದು ಆಜ್ಞೆ ಕೊಟ್ಟು ತಾನೂ ಪಾಸಿನ ಕಡೆ ಮುಖ ಮಾಡಿ ನಿಂತಳು. ಗಂಡಸರು ಬೇರೆ ಬೇರೆ ಶಿಖರಗಳನ್ನು ಭಕ್ತಿಯಿಂದ ನೋಡತೊಡಗಿದರು. ಪ್ಯಾಂಟಿನ ಮೇಲೆ ಹಟ ಹಿಡಿದು ತೊಟ್ಟಿದ್ದ ಉದ್ದನೆಯ ಕಮೀಜನ್ನು ಸುತ್ತಲೂ ಇಳಿಬಿಟ್ಟುಕೊಂಡು, ಅತೀಯಾ ಹಗ್ಗದ ನಡುವೆ ಕೂತಳು. ಅಷ್ಟು ದೊಡ್ಡ ಬಯಲಿನಲ್ಲಿ ಬಾಗಿಲಿರಲಿಲ್ಲ, ಚಿಲಕವಿರಲಿಲ್ಲ. ಆದರೂ ಯಾರೂ ನೋಡಲಿಲ್ಲ, ಯಾರೂ ಅವಸರ ಮಾಡಲಿಲ್ಲ. ಆಕೆಗಾಗಿ ಎಲ್ಲರೂ ಕಾದು ನಿಂತಿದ್ದರು. ಎದ್ದು ಪಟ್ಟಿ ಬಿಗಿದುಕೊಳ್ಳುವಾಗ ಅತೀಯಾಳ ಕಣ್ಣಲ್ಲಿ ನೀರಿತ್ತು, ಮುಖದ ತುಂಬ ನಗುವಿತ್ತು.

"ಆತು," ಎಂದಳು.

"ತಡಿಯವ್ವಾ," ಎಂದಿತು ಹಿಂದಿನಿಂದ ಸುಮಂಗಲಾಳ ದನಿ. "ನಂದೂ ಐತಿ. ಆವಾಗಿಂದ ಹಲ್ಲು ಕಚ್ಚಿ ಹಿಡದೀನಿ."

ಸುಮಂಗಲಾ ಎದ್ದ ಮೇಲೆ ಪುಣೆಯ ಡಾಕ್ಟರಮ್ಮ ಕೆಮ್ಮಿದಳು. ಇಷ್ಟು ದಿನ ಎಲ್ಲರಿಗೂ ನೀರಿನ ಮಹಿಮೆ ಹೇಳಿದವಳು, ಕ್ಯಾಂಪಿನಿಂದ ಹೊರಟಾಗಿನಿಂದ ತಾನೂ ಕುಡಿದಿಲ್ಲವೆಂದು ಒಪ್ಪಿಕೊಂಡಳು. "ಯಾರಾದರೂ ಮೊದಲು ನಿಲ್ಲಿಸಲಿ ಅಂತ ಕಾಯುತ್ತಿದ್ದೆ," ಎಂದಳು. ಆಗ ಮಾತ್ರ ಬಿಮಲಾಗೆ ತಡೆಯಲಾಗಲಿಲ್ಲ, ಬೆನ್ನು ತಿರುಗಿಸಿ ನಿಂತಲ್ಲೇ ಭುಜ ಕುಲುಕಿಸಿ ನಕ್ಕಳು.

ಅತೀಯಾ ಬಾಟಲಿ ತೆಗೆದು, ಬಿಮಲಾ ತಿರುಗಿ ನೋಡದಿದ್ದರೂ, ಗಟಗಟನೆ ಅರ್ಧ ಖಾಲಿ ಮಾಡಿದಳು. ಸಾಲು ಹೊರಟಿತು. ಏರಿನಲ್ಲಿ ಮತ್ತೊಮ್ಮೆ ನಿಲ್ಲಿಸಿದಳು, ಈ ಸಲ ದನಿಯಲ್ಲಿ ನಾಚಿಕೆಯೂ ಇರಲಿಲ್ಲ. ಕಣ್ಣಿನ ಹಿಂದಿನ ಸೂಜಿ ಮಾಯವಾಗಿತ್ತು. ಬಿಸಿಲು ನೆತ್ತಿಗೆ ಬರುವ ಮುಂಚೆ ಅವರು ಪಾಸಿನ ಮೇಲಿದ್ದರು. ಆ ಕಡೆ ಇನ್ನೊಂದು ಕಣಿವೆ, ಅದರಾಚೆ ಎಣಿಕೆಗೆ ಸಿಗದ ಬಿಳಿ ಬೆಟ್ಟಗಳು. ಸುಮಂಗಲಾ ಆಕೆಯನ್ನು ತಬ್ಬಿಕೊಂಡು ಅತ್ತಳು, ಅತ್ತು ಮುಗಿಸಿ ಮೂಗು ಒರೆಸಿಕೊಂಡಳು.

"ದಾಟಿದಿ ನೋಡವ್ವ. ಊರಾಗ ಹೋಗಿ ಏನಂತ ಹೇಳ್ತಿ ಈಗ?"

"ಪಾಸ್ ದಾಟಿದ್ದು ಬಸ್ಸಿನ ಮಂದಿಗೆಲ್ಲ ಹೇಳ್ತೀನಿ," ಎಂದಳು ಅತೀಯಾ. ಖಾಲಿ ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿದಳು. "ನನ್ನ ಸಲುವಾಗಿ ನಾನ ಗಾಡಿ ನಿಲ್ಲಿಸಿದ್ದು ಮಾತ್ರ ನಮ್ಮ ಡಿಪೋದಾಗಿನ ಹೆಣ್ಮಕ್ಕಳಿಗೆ ಹೇಳ್ತೀನಿ ಸುಮಕ್ಕ. ಒಬ್ಬೊಬ್ಬಾಕಿನ್ನೂ ಕುಂದ್ರಿಸ್ಕೊಂಡು ಹೇಳ್ತೀನಿ."