ಮಾತೆಯ ಮನೆಗೆ ಸುಣ್ಣ

ಮೊಂತೆ ಕಲಾದು ಊರಿನವರು ಸೋಮಾರಿಗಳೆಂದು ಪಕ್ಕದ ಊರಿನವರು ಆಡಿಕೊಳ್ಳುವುದುಂಟು. ಅದು ಸುಳ್ಳು. ಈಸ್ಟರಿಗೆ ಮುಂಚಿನ ವಾರ ಆ ಊರಿನ ಹೆಂಗಸರು ಕಣ್ಣಿಗೆ ಬಿದ್ದದ್ದಕ್ಕೆಲ್ಲ ಸುಣ್ಣ ಬಳಿಯುತ್ತಾರೆ. ಗಂಡಸರು ಆ ವಾರವೆಲ್ಲ ಕೆಫೆಯಲ್ಲಿ ಕೂತು, ಅಡ್ಡ ಬಾರದೆ ಸಹಕರಿಸುತ್ತಾರೆ.

ಈ ಕೆಲಸದಲ್ಲಿ ಕುಸ್ತೋದಿಯಾ ಎತ್ತಿದ ಕೈ. ತನ್ನ ಮನೆ, ಕೋಳಿಗೂಡು, ಬಾವಿಕಟ್ಟೆ, ಕಿತ್ತಳೆ ಮರದ ಬುಡ ಮುಗಿಸಿ, ಪಕ್ಕದ ಮನೆಯ ಫೆಲಿಸ್ಮಿನಾ ಬೇಡವೆಂದರೂ ಅವಳ ಗೋಡೆಗೂ ಒಂದೆರಡು ಗೆರೆ ಎಳೆದು, ಆಮೇಲೆ ಬಕೆಟ್ಟು ಹಿಡಿದು ಗುಡ್ಡದ ಮೇಲಿನ ಮಾತೆಯ ಗುಡಿಗೆ ಹೋಗುತ್ತಿದ್ದಳು. ಗುಡಿಗೆ ಬೇರೆ ಯಾರೂ ಕುಂಚ ಮುಟ್ಟಿಸುವ ಹಾಗಿರಲಿಲ್ಲ. ಒಂದು ವರ್ಷ ಆ ಗೋಡೆಗೆ ಒರಗಿ ನಿಂತಿದ್ದ ಕತ್ತೆಗೂ ಒಂದು ಕಡೆ ಸುಣ್ಣವಾಯಿತು. ಕತ್ತೆಯ ಯಜಮಾನ ತಕರಾರು ತೆಗೆದಾಗ, "ಇನ್ನೊಂದ್ ಕಡೆಗೂ ಬಳೀಲಾ?" ಎಂದು ಕೇಳಿದಳು. ಸುಣ್ಣದ ಹುಚ್ಚು ಎಂದು ಊರು ಅವಳನ್ನು ಅವಳ ಪಾಡಿಗೆ ಬಿಟ್ಟಿತ್ತು.

ಒಂದು ಚಳಿಗಾಲದಲ್ಲಿ ಪುರಸಭೆಗೆ ಗುಡಿಯ ವಯಸ್ಸು ಗೊತ್ತಾಯಿತು. ಐದು ಸಾವಿರ ವರ್ಷವಂತೆ. ಗುಡಿಯ ಅರ್ಧಭಾಗ ಗುಡಿಯೇ ಅಲ್ಲ, ಏಸುವಿಗಿಂತ ಎಷ್ಟೋ ಹಿಂದಿನವರು ತಮ್ಮ ಸತ್ತವರಿಗಾಗಿ ನಿಲ್ಲಿಸಿದ ಕಲ್ಗೋರಿ. ಸುತ್ತ ದೈತ್ಯಗಾತ್ರದ ಕಲ್ಲುಗಳು, ಮೇಲೊಂದು ಹಾಸುಗಲ್ಲು. ಅದರ ಮುಂದೆ ಒಂದು ಬಾಗಿಲು, ಮೇಲೊಂದು ಗಂಟೆ ಸೇರಿಸಿ ಕನ್ಯಾ ಮರಿಯಮ್ಮನನ್ನು ಕೂರಿಸಿದವರು ಈಗಿನವರ ಮುತ್ತಜ್ಜಂದಿರು. ಕೆಫೆಯಲ್ಲಿ ಸಭೆ ಸೇರಿಸಿ ಇದನ್ನೆಲ್ಲ ಹೇಳಿದವಳು ಲಿಯೊನೋರ್ ಎಂಬ ಪುರಾತತ್ವದ ಡಾಕ್ಟರು.

"ಸುಣ್ಣ ಪೂರ್ತಿ ಕೆರೆದು ಕಲ್ಲನ್ನ ಬಿಡಿಸ್ತೀವಿ. ಇನ್ಮುಂದೆ ಅದಕ್ಕೆ ಸುಣ್ಣ ಮುಟ್ಟಿಸೋ ಹಾಗಿಲ್ಲ," ಎಂದಳು.

ಕುಸ್ತೋದಿಯಾ ಹಿಂದಿನ ಕುರ್ಚಿಯಿಂದ ಕೇಳಿದಳು: "ಆ ಕಾಲದಲ್ಲಿ ಅದಕ್ಕೆ ಯಾರು ಬಳೀತಿದ್ರು, ಡಾಕ್ಟ್ರಮ್ಮ?"

"ಯಾರೂ ಬಳೀತಿರ್ಲಿಲ್ಲ, ದೋನಾ ಕುಸ್ತೋದಿಯಾ."

"ಅದಕ್ಕೇ ಎಲ್ಲಾ ಸತ್ರು," ಎಂದು ಕುಸ್ತೋದಿಯಾ ಎದ್ದು ಹೋದಳು.

ಅವಳ ಮಗ ಜಸಿಂತು ಪುರಸಭೆಯಲ್ಲಿ ಗಾರೆ ಕೆಲಸದವನು. ಐವತ್ತು ಹತ್ತಿರವಾಗಿತ್ತು. ಎದುರು ಮನೆಯಲ್ಲಿ ಹೆಂಡತಿಯಿದ್ದರೂ ರಾತ್ರಿಯ ಊಟದ ಮೊದಲ ಕಂತು ತಾಯಿಯ ಮನೆಯಲ್ಲೇ. ಒಂದು ಸಂಜೆ ಕೊತ್ತಂಬರಿ ಸಾರಿಗೆ ರೊಟ್ಟಿ ಮುರಿದು ಹಾಕುತ್ತ ಹೇಳಿದ:

"ಗುಡಿ ಕೆರೆಯೋ ಕೆಲ್ಸ ನಂಗೇ ಹಾಕಿದಾರೆ ಕಣವ್ವ."

ಕುಸ್ತೋದಿಯಾಳ ಕೈಯಲ್ಲಿದ್ದ ಸೌಟು ನಿಂತಿತು. "ಬೇರೆ ಯಾರೂ ಸಿಗ್ಲಿಲ್ವಾ?"

"ಊರ್ನೋನು, ಜಾಗ ಗೊತ್ತಿರೋನು ಅಂತ."

"ಮೈಗೆ ಹುಷಾರಿಲ್ಲ ಅನ್ನು."

"ಗುಂಡುಕಲ್ಲಿನ ಹಾಗೆ ಇದೀನಲ್ಲವ್ವ."

"ಹೆಂಗೆ ಹಂಗಿದೀಯ ಅಂತ ಯಾವತ್ತಾದ್ರೂ ಯೋಚ್ನೆ ಮಾಡಿದೀಯಾ?"

ಜಸಿಂತು ಯೋಚನೆ ಮಾಡಿದ. "ಈ ಸಾರಿಂದಾನಾ?" ಎಂದ.

ವಿಷಯ ಬೇರೆಯೇ ಇತ್ತು. ಜಸಿಂತು ಹುಡುಗನಾಗಿದ್ದಾಗ ಸರ್ಕಾರ ಅವನ ಕೈಗೆ ಬಂದೂಕು ಕೊಟ್ಟು ಆಫ್ರಿಕದ ಗಿನಿಗೆ ಯುದ್ಧಕ್ಕೆ ಕಳಿಸಿತ್ತು. ಸ್ವಲ್ಪ ಕಾಲ ಕಾಗದ ಬಂದವು, ಆಮೇಲೆ ನಿಂತವು. ಪಕ್ಕದ ಊರಿಗೆ ಒಬ್ಬ ಸೈನಿಕನ ಶವದ ಪೆಟ್ಟಿಗೆ ಬಂತು. ಅದರ ಮಾರನೆಯ ದಿನ ಕುಸ್ತೋದಿಯಾ ಗುಡ್ಡ ಹತ್ತಿ, ಮಂಡಿಯೂರಿ, ನನ್ನ ಮಗನನ್ನು ಮನೆಗೆ ತಂದುಬಿಡು, ಅವನು ಉಸಿರಾಡುವಷ್ಟು ಕಾಲ ನಿನಗೆ ಸುಣ್ಣ ತಪ್ಪಿಸುವುದಿಲ್ಲ ಎಂದು ಹರಕೆ ಹೊತ್ತಳು. ಆಗ ಗುಡಿ ಮಾಸಿ ಕಪ್ಪಾಗಿತ್ತು. ಮಾತೆಗೂ ಅದರ ಅಗತ್ಯವಿತ್ತೆಂದು ಅವಳ ಅಂದಾಜು. ಜಸಿಂತು ಒಂದು ಹಲ್ಲು ಕಳೆದುಕೊಂಡು ವಾಪಸು ಬಂದ. ಹಲ್ಲಿನ ಬಗ್ಗೆ ಅವಳು ಮಾತೆಯ ಹತ್ತಿರ ಚೌಕಾಸಿ ಮಾಡಲಿಲ್ಲ.

ಹರಕೆಯ ವಿಷಯ ಅವಳು ಗಂಡನಿಗೂ ಹೇಳಿರಲಿಲ್ಲ. ಇಬ್ಬರು ಹೆಂಗಸರ ನಡುವಿನ ಮಾತಿನಲ್ಲಿ ಮೂರನೆಯವರಿಗೇನು ಕೆಲಸ? ಈಗ ಯಾರ ಉಸಿರಿಗಾಗಿ ಬಳಿದಳೋ ಅವನೇ ಉಳಿ ಹಿಡಿದು ಕೆರೆಯಲು ಹೊರಟಿದ್ದ. ಕುಸ್ತೋದಿಯಾಳಿಗೆ ಹೆದರಿಕೆಯಾಯಿತು. ಕಾಗದ ನಿಂತ ಆ ದಿನಗಳ ಹೆದರಿಕೆಯೇ ಅದು, ಗುರುತು ಹಿಡಿಯುವುದು ಅವಳಿಗೆ ಕಷ್ಟವಾಗಲಿಲ್ಲ.

ಪಾದ್ರಿ ಆನ್ಸೆಲ್ಮು ಸುತ್ತಲಿನ ಊರುಗಳಿಗೆಲ್ಲ ಒಬ್ಬರೇ. ಕಾರಿನ ಇಂಜಿನ್ ಆರಿಸದೆ ಕಿಟಕಿಯಿಂದಲೇ ಕೇಳಿಸಿಕೊಂಡರು. ತನಗೆ ಗೊತ್ತಿರುವ ಒಬ್ಬಳಿಗೆ ಹೀಗೊಂದು ತೊಂದರೆ ಬಂದಿದೆ ಎಂದು ಕುಸ್ತೋದಿಯಾ ಹೇಳಿದಳು.

"ಹರಕೆ ಬದಲಾಯಿಸ್ಬಹುದಮ್ಮ. ಸುಣ್ಣದ ಬದ್ಲು ಮೇಣದಬತ್ತಿ ಹಚ್ಲಿ ಅವ್ರು."

"ಮಾತೆ ಒಪ್ತಾಳಾ?"

"ಒಪ್ಪದೆ ಏನು."

"ನೀವು ಕೇಳಿದ್ರಾ?"

ಪಾದ್ರಿಗಳು ಗೇರು ಹಾಕಿದರು.

ಕೆರೆಯುವ ಕೆಲಸ ಶುರುವಾಯಿತು. ಜಸಿಂತು ಹಗಲೆಲ್ಲ ಕೂತು ಒಂದು ಕಲ್ಲಿನ ಅರ್ಧ ಮೈ ಬಿಡಿಸಿದ. ಬೆಳಿಗ್ಗೆ ಲಿಯೊನೋರ್ ಬಂದು ನೋಡಿದರೆ ಕಲ್ಲು ಬೆಳ್ಳಗೆ ನಿಂತಿತ್ತು. ಬೆರಳಿಂದ ಮುಟ್ಟಿದಳು. ಬೆರಳೂ ಬೆಳ್ಳಗಾಯಿತು.

"ಇದೇನು ಜಸಿಂತು?"

ಆ ಕುಂಚದ ಗೆರೆ ಯಾರ ಕೈಯದೆಂದು ಜಸಿಂತುವಿಗೆ ನೋಡಿದ ಕೂಡಲೇ ತಿಳಿದಿತ್ತು. "ಇಬ್ಬನಿ ಇರ್ಬೇಕು, ಡಾಕ್ಟ್ರೇ," ಎಂದ.

ಮರುದಿನವೂ ಇಬ್ಬನಿ ಬಿತ್ತು. ಅದರ ಮರುದಿನ ಪಕ್ಕದ ಕಲ್ಲಿಗೂ ಬಿತ್ತು. ಲಿಯೊನೋರ್ ನೇರವಾಗಿ ಕುಸ್ತೋದಿಯಾಳ ಮನೆಗೇ ಬಂದಳು. ಬಾಗಿಲ ಪಕ್ಕದಲ್ಲಿ ಬಕೆಟ್ಟು, ಅದರೊಳಗೆ ಒದ್ದೆ ಕುಂಚ.

"ಗುಡಿಗೆ ನೀವೇ ಬಳೀತಿರೋದಾ, ದೋನಾ ಕುಸ್ತೋದಿಯಾ?"

"ಹೂಂ."

"ಬಳೀಬಾರ್ದು ಅಂತ ಹೇಳಿದ್ನಲ್ಲ."

"ಹೇಳಿದ್ರಿ," ಎಂದು ಕುಸ್ತೋದಿಯಾ ಅವಳಿಗೆ ಕುರಿಹಾಲಿನ ಗಿಣ್ಣು ಕೊಟ್ಟಳು. ಚೆನ್ನಾಗಿತ್ತು. ಲಿಯೊನೋರ್ ತಿಂದಳು, ಇನ್ನೊಂದು ಚೂರು ತಿಂದಳು, ಏನೂ ಇತ್ಯರ್ಥವಾಗದೆ ಹೋದಳು. ಆ ಸಂಜೆ ಪುರಸಭೆಯಲ್ಲಿ ಜಸಿಂತುವನ್ನು ಕರೆದು, ನಿಮ್ಮ ತಾಯಿಗೆ ಬುದ್ಧಿ ಹೇಳಿ ಎಂದರು. ಅವನು ಹೇಳಲಿಲ್ಲ. ಅವಳಿಗೆ ಬುದ್ಧಿ ಹೇಳಿ ಗೆದ್ದವರನ್ನು ಅವನು ಕಂಡಿರಲಿಲ್ಲ.

ಆ ವಾರವೇ ಜಸಿಂತು ಏಣಿಯಿಂದ ಬಿದ್ದ. ತೀರ ಕೆಳಗಿನ ಮೆಟ್ಟಿಲಿನಿಂದ ಬಿದ್ದದ್ದು. ಕಾಲು ಉಳುಕಿತು, ಅಷ್ಟೆ. ಆದರೆ ಸುದ್ದಿ ಗುಡ್ಡ ಇಳಿಯುವಷ್ಟರಲ್ಲಿ ಬೆಳೆದುಬಿಟ್ಟಿತ್ತು.

"ನಿನ್ ಮಗ ಗುಡಿ ಮೇಲಿಂದ ಬಿದ್ನಂತೆ ಕಣೇ!" ಎಂದು ಫೆಲಿಸ್ಮಿನಾ ಬೀದಿಯಿಂದಲೇ ಕೂಗಿದಳು.

ಕುಸ್ತೋದಿಯಾ ಒಂದು ಕಾಲಿಗೆ ಚಪ್ಪಲಿ, ಒಂದು ಕಾಲಿಗೆ ಬೂಟು ಹಾಕಿಕೊಂಡು ಓಡಿದಳು. ಜಸಿಂತು ಒಂದು ಕಲ್ಲಿನ ಮೇಲೆ ಕಾಲು ಚಾಚಿ ರೊಟ್ಟಿ, ಆಲಿವ್ ತಿನ್ನುತ್ತಿದ್ದ. ಲಿಯೊನೋರ್ ಅವನ ಕಾಲಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದಳು. ಕುಸ್ತೋದಿಯಾ ಮಗನ ಕೆನ್ನೆಗೆ ಒಂದು ಬಾರಿಸಿದಳು. ಆಮೇಲೆ ಅವನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ಜೋರಾಗಿ ಅತ್ತಳು. ಬಾಯಲ್ಲಿದ್ದ ಆಲಿವ್ ನುಂಗುವುದೋ ಉಗಿಯುವುದೋ ತಿಳಿಯದೆ ಜಸಿಂತು ಹಾಗೇ ಇದ್ದ.

ಇನ್ನು ಬಾಯಿ ಕಟ್ಟಿಕೊಂಡಿದ್ದರೆ ಮಗ ದಕ್ಕುವುದಿಲ್ಲ ಎನಿಸಿತು ಅವಳಿಗೆ. ಎಲ್ಲವನ್ನೂ ಹೇಳಿದಳು: ಪೆಟ್ಟಿಗೆ, ಮಂಡಿಯೂರಿದ್ದು, ಉಸಿರು, ಸುಣ್ಣ.

ಜಸಿಂತು ತಾನು ಕೆರೆದ ಕಲ್ಲನ್ನು ನೋಡಿದ, ಕೆಳಗೆ ಉದುರಿದ್ದ ಸುಣ್ಣದ ಪದರಗಳನ್ನು ನೋಡಿದ. ಗಿನಿಯಿಂದ ಬಂದಮೇಲೆ ತಾನು ಮದುವೆಯಾದದ್ದು, ಮಗಳು ಹುಟ್ಟಿದ್ದು, ಅಪ್ಪನನ್ನು ಮಣ್ಣು ಮಾಡಿದ್ದು, ಎಲ್ಲ ವರ್ಷಗಳೂ ಅಲ್ಲಿ ಒಂದರ ಮೇಲೊಂದು ಬಿದ್ದಿದ್ದವು.

"ಮೊದ್ಲೇ ಹೇಳಬಾರ್ದಿತ್ತಾ ಅವ್ವ?"

"ಹೇಳಿದ್ರೆ ನೀನು ಹುಷಾರಾಗಿರ್ತಿದ್ಯಾ? ಎಲ್ಲಾ ಮಾತೆ ಮೇಲೆ ಹಾಕ್ಬಿಡ್ತಿದ್ದೆ."

ಜಸಿಂತು ಕಣ್ಣೊರೆಸಿಕೊಂಡ. "ಸರಿ. ಈ ಸುಣ್ಣ ಕಲ್ಲಿಗೆ ಬಳಿದಿದ್ದಾ, ಅವಳಿಗೆ ಬಳಿದಿದ್ದಾ?"

"ಅವಳಿಗೆ. ಕಲ್ಲು ಕಟ್ಕೊಂಡು ನಂಗೇನಾಗ್ಬೇಕು?"

"ಹಂಗಾದ್ರೆ ಅವಳನ್ನ ನಮ್ಮನೆಗೇ ಕರ್ಕೊಂಡ್ ಹೋಗಾಣ. ರಿಪೇರಿ ಆದಾಗೆಲ್ಲ ಯಾರ್ದಾದ್ರೂ ಮನೇಲಿ ಇಟ್ಕೊಳ್ಳೋ ಪದ್ಧತಿ ಇದ್ದೇ ಇದೆಯಲ್ಲ. ಅವಳಿರೋ ಗೋಡೆಗೆ ನೀನು ಬಳಿ. ನಾನು ಇಲ್ಲಿ ಕೆರೀತೀನಿ."

ಕುಸ್ತೋದಿಯಾ ಗುಡಿಯೊಳಗೆ ಹೋಗಿ ಮಾತೆಯ ಮುಖ ನೋಡಿದಳು. ಸುಣ್ಣದ ದೂಳು ಕೂತು ಮಾತೆಯ ಹುಬ್ಬು ನರೆತಿತ್ತು. "ಬರ್ತಾಳಂತೆ," ಎಂದು ಹೊರಗೆ ಬಂದು ಹೇಳಿದಳು.

ಜಸಿಂತುವಿನ ಕಾಲು ನೆಲಕ್ಕೆ ಊರುತ್ತಿರಲಿಲ್ಲ. ಹಾಗಾಗಿ ಮಾತೆಯನ್ನು ಕುಸ್ತೋದಿಯಾಳ ಶಾಲಿನಲ್ಲಿ ಸುತ್ತಿ, ಗಾರೆ ಸಾಗಿಸುವ ತಳ್ಳುಗಾಡಿಯಲ್ಲಿ ಮಲಗಿಸಿ, ಪುರಾತತ್ವದ ಡಾಕ್ಟರೇ ತಳ್ಳಿಕೊಂಡು ಗುಡ್ಡ ಇಳಿದಳು.

ಈಸ್ಟರಿನ ಮರುದಿನ, ಸೋಮವಾರ, ಮಾತೆಯ ವರ್ಷದ ಮೆರವಣಿಗೆ ಕುಸ್ತೋದಿಯಾಳ ಮನೆಯಿಂದಲೇ ಹೊರಟಿತು. ಬತ್ತಲೆ ಕಲ್ಲುಗಳ ಮುಂದೆ ಪುರಸಭೆಯ ಅಧ್ಯಕ್ಷರು ಫಲಕದ ಮೇಲಿನ ಬಟ್ಟೆ ಎಳೆದು ಭಾಷಣ ಮಾಡಿದರು. ಗಂಡಸರು ತೋಳಿಗೆ ತೋಳು ಸೇರಿಸಿ ನಿಂತು, ಎಂದಿನಂತೆ, ಕುರಿಮರಿಯ ಸಾರು ತಣ್ಣಗಾಗುವಷ್ಟು ನಿಧಾನವಾಗಿ ಹಾಡಿದರು. ಸಂಜೆ ಮಾತೆ ವಾಪಸು ಬಂದು ಟೀವಿಗೂ ಎಣ್ಣೆಯ ಜಾಡಿಗೂ ನಡುವೆ ಕೂತಳು.

ಉಳಿದ ರಿಪೇರಿಯೂ ಮುಗಿದಾಗ ಮಾತೆಯನ್ನು ಗುಡಿಯಲ್ಲಿ ವಾಪಸು ಕೂರಿಸುವ ಮಾತು ಬಂತು. "ಕೂರಿಸ್ಲಿ. ನಾನು ಬಕೆಟ್ಟು ತಗೊಂಡು ಹಿಂದೇನೇ ಹೋಗ್ತೀನಿ," ಎಂದಳು ಕುಸ್ತೋದಿಯಾ.

ಲಿಯೊನೋರ್ ಕಲ್ಲಿನ ಒಳಮೈಯನ್ನು ಅಂಗೈಯಿಂದ ಸವರಿ ನೋಡಿದಳು. "ಒಳಗೆ ತೇವ ಇದೆ. ಮರದ ವಿಗ್ರಹಕ್ಕೆ ಒಳ್ಳೇದಲ್ಲ."

"ನಿಜವಾಗ್ಲೂ?" ಎಂದ ಜಸಿಂತು.

"ನಾನು ಡಾಕ್ಟರು," ಎಂದಳು ಲಿಯೊನೋರ್.

ಅಲ್ಲಿಂದಾಚೆ ಕಲ್ಲು ನೋಡಲು ಬಂದ ಪ್ರವಾಸಿಗರು ಮಾತೆಯನ್ನು ನೋಡಲು ಕುಸ್ತೋದಿಯಾಳ ಬಾಗಿಲು ತಟ್ಟತೊಡಗಿದರು. ಕಾಲೊರೆಸಿಕೊಂಡು ಬನ್ನಿ, ಗೋಡೆಗೆ ಒರಗಬೇಡಿ ಎಂದು ಅವಳು ಹೇಳುತ್ತಿದ್ದಳು. ಭಾಷೆ ಬಾರದವರು ಬೆನ್ನು ಬೆಳ್ಳಗೆ ಮಾಡಿಕೊಂಡು ಹೋದರು.

ಮುಂದಿನ ವರ್ಷ ಸುಣ್ಣದ ವಾರ ಬಂದಾಗ ಕುಸ್ತೋದಿಯಾಳ ಬಲಗೈ ಭುಜಕ್ಕಿಂತ ಮೇಲೆ ಏಳಲಿಲ್ಲ. ಮನೆಯ ಗೋಡೆಗೆ ಬಾಗಿಲ ಚಿಲಕದ ಎತ್ತರದವರೆಗೆ ಬಳಿದಳು. ಮೇಲಿನದು ಹಾಗೇ ಉಳಿಯಿತು. ಜಸಿಂತು ದಿನವೂ ಅದನ್ನು ನೋಡಿಕೊಂಡೇ ಕೆಫೆಗೆ ಹೋದ. ಶನಿವಾರ ಅವಳು ಬೀದಿಗೆ ಕುರ್ಚಿ ತಂದು ಹಾಕಿಕೊಂಡು ಕೂತು, ಕೆಫೆಗೆ ಕೇಳುವ ಹಾಗೆ ಕೂಗಿದಳು. ಅವನು ಬಂದ. ಅವಳು ಕುಂಚ ಚಾಚಿದಳು.

"ಗಂಡಸ್ರು ಬಳಿಯಲ್ಲವ್ವ. ಎಲ್ಲಾ ನೋಡ್ತಿದಾರೆ."

"ನೋಡ್ಲಿ. ಇಷ್ಟು ವರ್ಷ ನಿನ್ನ ಉಸಿರಿಗೆ ನಾನು ಬಳಿದೆ. ಇನ್ಮೇಲೆ ನಿನ್ನ ಉಸಿರು ನೀನೇ ನೋಡ್ಕೋ. ನಾನು ಹೋದ್ಮೇಲೆ ಯಾರಿದಾರೆ ನಿಂಗೆ?"

ಜಸಿಂತು ನಕ್ಕ. ಅವಳು ನಗಲಿಲ್ಲ. ಅವನು ಏಣಿ ತಂದು ಬಾಗಿಲ ಮೇಲಿನಿಂದ ಶುರುಮಾಡಿದ. ಕೆಫೆಯ ಗಂಡಸರು ಗ್ಲಾಸು ಹಿಡಿದುಕೊಂಡೇ ಹೊರಗೆ ಬಂದು ನಿಂತರು. ಯಾರೂ ತಮಾಷೆ ಮಾಡಲಿಲ್ಲ. ಸೂರಿನವರೆಗೆ ಮುಗಿಸಿ ಅವನು ಕೆಳಗಿಳಿದು ಕೈ ಒರೆಸಿಕೊಂಡ.

"ಮೇಲ್ಗಡೆ ಆ ಮೂಲೆ ಬಿಟ್ಟಿದೀಯ," ಎಂದಳು ಕುಸ್ತೋದಿಯಾ.

ಜಸಿಂತು ಮತ್ತೆ ಏಣಿ ಹತ್ತಿದ. ಆ ಮೂಲೆಗೆ ಎರಡು ಸಲ ಬಳಿದ.