ಬೇಸ್ ಗಿಟಾರಿಗೆ ಬಣ್ಣ ಬಳಿಸುವ ವಿಚಾರ

ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವ ಆಕೆಯನ್ನು ಎಲ್ಲರೂ ಬ್ರೇಕ್ ಮೇಡಂ ಎಂದೇ ಕರೆಯುತ್ತಿದ್ದರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಬುಡದಲ್ಲಿರುವ ಇನ್ನೊಂದು ಬ್ರೇಕನ್ನು ಹೊತ್ತಿಗೆ ಸರಿಯಾಗಿ ಒತ್ತಿ ಎಷ್ಟೋ ಜನರ ಪ್ರಾಣವನ್ನೂ ಎಷ್ಟೋ ಮನೆಗಳ ಕಾಂಪೌಂಡು ಗೋಡೆಯನ್ನೂ ಉಳಿಸಿದ್ದಳು. ಆದರೆ ಭಾನುವಾರ ಮಧ್ಯಾಹ್ನ ಆಕೆ ಬೇರೆಯೇ ಹೆಂಗಸು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮಹಡಿಯಲ್ಲಿ, ಪ್ಲಾಸ್ಟರಿನ ದವಡೆಗಳು ಕಪಾಟಿನ ತುಂಬ ಸಾಲಾಗಿ ನಗುತ್ತಿದ್ದ ಕೋಣೆಯಲ್ಲಿ, ನಾಲ್ಕು ತಂತಿಯ ಬೇಸ್ ಗಿಟಾರನ್ನು ಹೆಗಲಿಗೇರಿಸಿ ನಿಂತಳೆಂದರೆ ಕಿಟಕಿಯ ಗಾಜು ಗುಂಯ್ ಎನ್ನುತ್ತಿತ್ತು.

ಬ್ಯಾಂಡಿನಲ್ಲಿದ್ದದ್ದು ಮೂರೇ ಜನ. ಹಾಡುವುದು, ಗಿಟಾರ್ ನುಡಿಸುವುದು ಡಾಕ್ಟರ ಪಾಲು. ಡ್ರಮ್ಸ್ ಬಾರಿಸುವುದು ಗಡಿಯಾರ ರಿಪೇರಿ ಅಂಗಡಿಯ ಯಜಮಾನರ ಪಾಲು. ಹತ್ತು ಗಡಿಯಾರ ಒಟ್ಟಿಗೆ ಓಡುತ್ತಿದ್ದರೂ ಅದರಲ್ಲಿ ಕುಂಟುವುದು ಯಾವುದೆಂದು ಕಣ್ಣು ಮುಚ್ಚಿ ಹೇಳಬಲ್ಲೆ ಎನ್ನುವ ಹೆಮ್ಮೆ ಅವರದು.

ಹಲ್ಲಿನ ಡಾಕ್ಟರುಗಳ ಸಂಘದ ವಾರ್ಷಿಕ ಕೂಟಕ್ಕೆ ಇವರ ಕಾರ್ಯಕ್ರಮ ನಿಗದಿಯಾದಾಗ ತಕರಾರು ಶುರುವಾಯಿತು.

"ಮೇಡಂ, ತಪ್ಪು ತಿಳ್ಕೋಬೇಡಿ," ಎಂದರು ಡಾಕ್ಟರು. "ನಿಮ್ಮ ಗಿಟಾರು ಹುಳುಕು ಹಲ್ಲಿದ್ದ ಹಾಗಿದೆ. ಮುಂದೆ ಇನ್ನೂರು ಜನ ಹಲ್ಲಿನ ಡಾಕ್ಟ್ರು ಕೂತಿರ್ತಾರೆ. ಒಬ್ಬರಾದ್ರೂ ಎದ್ದು ಬಂದು ಅದನ್ನ ತುಂಬೋಕೆ ನೋಡ್ತಾರೆ. ಹೊಸ ಪೇಂಟ್ ಮಾಡಿಸಿಬಿಡಿ."

ಮಾತು ಸುಳ್ಳಲ್ಲ. ಕೆಂಪು ಬಣ್ಣ ಅಂಚಿನುದ್ದಕ್ಕೂ ಚಕ್ಕೆಯೆದ್ದಿತ್ತು. ಬಲಗೈ ಆನಿಸುವ ಜಾಗದಲ್ಲಂತೂ ಅಂಗೈಯಗಲ ಸವೆದು ಬರೀ ಮರ ಕಾಣುತ್ತಿತ್ತು. ಇಪ್ಪತ್ತಾರು ವರ್ಷದ ಹಿಂದೆ, ಮನೆ ಖಾಲಿ ಮಾಡುತ್ತಿದ್ದ ಯಾರಿಂದಲೋ ಕೊಂಡ ಗಿಟಾರು ಅದು. ಆ ಸವೆದ ಜಾಗವೆಂದರೆ ಆಕೆಗೆ ಒಳಗೊಳಗೇ ಜಂಬ. ಬೇರೆಯವರು ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವುದಿಲ್ಲವೇ, ಹಾಗೆ.

ಆಕೆ ಬಾಯಿ ತೆರೆಯುವ ಮೊದಲೇ ಯಜಮಾನರು ಕೋಲು ಕೆಳಗಿಟ್ಟರು. "ಅದಕ್ಕೆ ಕೈ ಹಚ್ಚಿದ್ರೆ ನಾನು ಡ್ರಮ್ಸ್ ಮುಟ್ಟಲ್ಲ, ಈಗಲೇ ಹೇಳಿದೀನಿ. ಅದು ಕಂಪನಿಯಲ್ಲೇ ಹಾಕಿದ ಬಣ್ಣ. ಸವೆದು ಸವೆದು ಮರ ಉಸಿರಾಡ್ತಿದೆ. ಆ ದನಿ ಬರ್ತಿರೋದೇ ಅದರಿಂದ. ಮೇಲೆ ಹೊಸ ಪೇಂಟ್ ಬಳಿದ್ರೆ ಕಂಬಳಿ ಹೊದಿಸಿದ ಹಾಗೆ ಆಗುತ್ತೆ."

"ಕಸ ತೆಗೆದ್ರೆ ದನಿ ಇನ್ನೂ ತಿಳಿಯಾಗುತ್ತೆ ಕಣ್ರೀ," ಎಂದರು ಡಾಕ್ಟರು.

ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಮೂರು ಭಾನುವಾರ ಹಾಡಿಗಿಂತ ವಾದವೇ ಹೆಚ್ಚಾಯಿತು. ಗಿಟಾರು ಯಾರದ್ದು ಎಂಬುದು ಇಬ್ಬರಿಗೂ ಮರೆತೇ ಹೋಗಿತ್ತು. ಕೊನೆಗೆ ಆಕೆಯೇ ಒಂದು ದಾರಿ ಹುಡುಕಿದಳು.

"ಒಂದು ಕೆಲಸ ಮಾಡೋಣ. ನಾನು ಕ್ಲಿನಿಕ್ಕಿನ ಪರದೆ ಹಿಂದೆ ನಿಂತು ಒಂದು ಹಾಡು ನುಡಿಸ್ತೀನಿ, ಇಬ್ಬರೂ ಚೆನ್ನಾಗಿ ಕೇಳಿಸ್ಕೊಳ್ಳಿ. ಪೇಂಟ್ ಆದಮೇಲೆ ಅದೇ ಹಾಡು, ಅದೇ ಪರದೆ. ದನಿ ಕೆಟ್ಟಿದ್ರೆ ಪೇಂಟ್ ಕೆರೆಸಿಬಿಡ್ತೀನಿ."

ಒಪ್ಪಿದರು. ಚಕ್ರದ ಮೇಲೆ ಉರುಳುವ ಬಟ್ಟೆಯ ಪರದೆ ಬಂತು. ಆಕೆ ನುಡಿಸಿದಳು. ಡಾಕ್ಟರು ಟಿಪ್ಪಣಿ ಬರೆದುಕೊಂಡರು. ಯಜಮಾನರು, ತಮಗೆ ಟಿಪ್ಪಣಿ ಬೇಕಿಲ್ಲ, ಕಿವಿಯೇ ಸಾಕು ಎಂದರು.

ಬಣ್ಣದ ಕೆಲಸಕ್ಕೆ ಬೇರೆಲ್ಲೂ ಹೋಗಬೇಕಿರಲಿಲ್ಲ. ಆಕೆಯ ತಮ್ಮ ಗ್ಯಾರೇಜೊಂದರಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವವನು. ಅಕ್ಕನ ಗಿಟಾರು ಕಂಡಾಗಲೆಲ್ಲ ಅವನ ಕೈ ತುರಿಸುತ್ತಿತ್ತು. ಮರುದಿನವೇ ಗಿಟಾರಿನ ಕತ್ತು ಜೋಡಿಸಿದ್ದ ನಾಲ್ಕು ಸ್ಕ್ರೂ ಬಿಚ್ಚಿ, ಒಡಲನ್ನು ಬೆಂಚಿನ ಮೇಲೆ ಮಲಗಿಸಿದ. ಕತ್ತು ಕೂಡುವ ಗುಂಡಿಯೊಳಗೆ ಟಾರ್ಚು ಬಿಟ್ಟವನು ಹಾಗೇ ನಿಂತ.

"ಅಕ್ಕಾ, ಇಲ್ಲಿ ನೋಡು. ಒಳಗೆ ಹಸಿರಿದೆ."

"ಹಸಿರಾ?"

"ಕಂಪನಿ ಬಣ್ಣ ಹಸಿರು. ಈ ಕೆಂಪು ಯಾರೋ ಆಮೇಲೆ ಬ್ರಶ್ಶಲ್ಲಿ ಬಳಿದಿದ್ದು. ಬಾಗಿಲಿಗೆ ಹಚ್ತಾರಲ್ಲ, ಆ ಪೇಂಟು."

ಯಜಮಾನರ ಮುಖ ನೆನಪಾಗಿ ಅವಳಿಗೆ ನಗು ತಡೆಯಲಾಗಲಿಲ್ಲ. ತಮ್ಮ ಆಗಲೇ ಬಣ್ಣದ ಕಾರ್ಡುಗಳನ್ನು ಹರಡಿದ್ದ. ಬೆಳ್ಳಿ, ಕಡುನೀಲಿ, ಈಚೆಗೆ ಬಂದ ಕಾರುಗಳ ಮುತ್ತಿನ ಬಿಳಿ. ಆಕೆ ಒಂದೊಂದನ್ನೂ ಗಿಟಾರಿನ ಮೇಲಿಟ್ಟು ನೋಡಿದಳು. ಯಾವುದನ್ನಿಟ್ಟರೂ ಕೈ ಮಾತ್ರ ಆ ಸವೆದ ಜಾಗಕ್ಕೇ ಹೋಗುತ್ತಿತ್ತು. ಇದರ ಮೇಲೆ ಮುತ್ತಿನ ಬಿಳಿ ಬಂದು ಕೂತರೆ ಇಪ್ಪತ್ತಾರು ವರ್ಷ ಎಲ್ಲಿ ಹೋಗಬೇಕು?

"ಈಗ ಬೇಡ ಕಣೋ. ಮತ್ತೆ ಜೋಡಿಸಿಬಿಡು."

"ಹೋಗಲಿ, ಹಿಂಭಾಗಕ್ಕಾದ್ರೂ?"

"ಜೋಡಿಸು ಅಂದೆ."

ಪೇಂಟ್ ಮಾಡಿಸಲು ಮನಸ್ಸು ಬರಲಿಲ್ಲ ಎಂದು ಭಾನುವಾರ ಹೇಳಿಬಿಡುವುದೆಂದೇ ಹೊರಟಿದ್ದಳು. ಆದರೆ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಎದುರಾದ ಡಾಕ್ಟರು, "ಆಯ್ತಾ ಮೇಡಂ?" ಎಂದಾಗ, ಅದು ಎಲ್ಲಿತ್ತೋ, "ಆಯ್ತು ಸಾರ್" ಎಂಬ ಮಾತು ಬಾಯಿಂದ ಜಾರಿತು. ಜಾರಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ. ಚೀಲವನ್ನು ಬಿಚ್ಚದೆಯೇ ಪರದೆಯ ಹಿಂದೆ ಸೇರಿಕೊಂಡಳು.

ಅದೇ ಗಿಟಾರು, ಅದೇ ತಂತಿ, ಅದೇ ಹಾಡು. ನುಡಿಸಿ ಮುಗಿಸಿದಳು.

ಡಾಕ್ಟರು ಉಸಿರೆಳೆದುಕೊಂಡರು. "ನಾನು ಹೇಳಿರಲಿಲ್ವಾ? ಎಷ್ಟು ತಿಳಿಯಾಗಿದೆ. ಹಲ್ಲು ಕ್ಲೀನ್ ಮಾಡಿಸ್ಕೊಂಡವರು ಮಾತಾಡಿದ ಹಾಗಿದೆ."

"ತಿಳಿಯಂತೆ ತಿಳಿ," ಎಂದರು ಯಜಮಾನರು, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ. "ಮರ ಸತ್ತುಹೋಯ್ತು ಸ್ವಾಮಿ. ಆ ಕೆಳಗಿನ ತಂತಿ ಕೇಳಿದ್ರಲ್ಲ, ಉಸಿರು ಕಟ್ಟಿ ಒದ್ದಾಡ್ತಿದೆ. ಇದು ಕೊಲೆ."

"ಕೆಳಗಿನ ತಂತಿಯೇ ಈಗ ಹದಕ್ಕೆ ಬಂದಿರೋದು. ನೋಡಿ, ಬರ್ಕೊಂಡಿದೀನಿ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಇಬ್ಬರೂ ಅರ್ಧ ಗಂಟೆ ಕಿತ್ತಾಡಿದರು. ಪರದೆಯ ಹಿಂದೆ ಆಕೆ ತುಟಿ ಕಚ್ಚಿ ಕಚ್ಚಿ, ಕಡೆಗೆ ಹೊಟ್ಟೆ ಹಿಡಿದುಕೊಂಡು ಕುಕ್ಕರಿಸಿದಳು. ಇನ್ನು ನಗು ತಡೆದರೆ ಉಸಿರೇ ನಿಂತೀತು ಎನಿಸಿದಾಗ ಕಾಲಿನಿಂದ ಪರದೆಯನ್ನು ಸರಿಸಿದಳು.

ಚಕ್ಕೆಯೆದ್ದ ಕೆಂಪು ಗಿಟಾರು ಇದ್ದ ಹಾಗೇ ಇತ್ತು. ಇಬ್ಬರೂ ಇಂಗು ತಿಂದ ಮಂಗನ ಹಾಗಾದರು. ಕಪಾಟಿನ ದವಡೆಗಳು ಮಾತ್ರ ನಗುತ್ತಿದ್ದವು.

"ಇದು ಮೋಸ ಮೇಡಂ," ಎಂದರು ಡಾಕ್ಟರು.

"ಹೌದು ಸಾರ್, ನನ್ನದು ಮೋಸವೇ. ಆದ್ರೆ ಕಿವಿ ನಿಮ್ಮದು." ಆಮೇಲೆ ಯಜಮಾನರ ಕಡೆ ತಿರುಗಿ ಹಸಿರಿನ ಕಥೆಯನ್ನೂ ಬಾಗಿಲ ಪೇಂಟಿನ ಕಥೆಯನ್ನೂ ಹೇಳಿದಳು.

ಯಜಮಾನರು ಡ್ರಮ್ಮಿನ ಚರ್ಮ ಸವರಿದರು. "ಹಾಗಾದ್ರೆ ಇಷ್ಟು ದಿನ ನಾನು ಒಂದು ಬಾಗಿಲ ಪರವಾಗಿ ಜಗಳ ಆಡ್ತಿದ್ನಾ?" ಎಂದು ಮೊದಲು ನಕ್ಕವರೂ ಅವರೇ.

ಅಂದಿನಿಂದ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡರು. ಕೇಳಿದರೆ, "ನಿಮ್ಮಿಷ್ಟ." ಮತ್ತೆ ಕೇಳಿದರೆ, "ನಿಮ್ಮ ಗಿಟಾರು, ನಿಮ್ಮಿಷ್ಟ." ಅವಳಿಗೆ ಕಷ್ಟವಾದದ್ದೇ ಆಗ. ಬೇರೆಯವರು ಎಳೆಯುವಾಗ ಬ್ರೇಕ್ ಒತ್ತುವುದು ಸುಲಭ. ಈಗ ಸ್ಟಿಯರಿಂಗ್ ಹಿಡಿಯುವವರು ಯಾರೂ ಇರಲಿಲ್ಲ. ನನಗೇನು ಬೇಕು ಎಂದು ವಾರವಿಡೀ ತನ್ನನ್ನೇ ಕೇಳಿಕೊಂಡಳು. ಕಲಿಯುವ ಹುಡುಗಿಯೊಬ್ಬಳು ಎಡಕ್ಕೆ ಹೋಗುವುದು ಬಿಟ್ಟು ಬಲಕ್ಕೆ ಹೋದರೂ ಆಕೆಗೆ ಗೊತ್ತಾಗಲಿಲ್ಲ. ಬಿಳಿ ಬೇಡ, ನೀಲಿ ಬೇಡ. ಆದರೆ ಗುಂಡಿಯೊಳಗೆ ಕಂಡ ಆ ಉಗುರಗಲದ ಹಸಿರು ಮನಸ್ಸಿನಿಂದ ಹೋಗಲೊಲ್ಲದು. ಇಪ್ಪತ್ತಾರು ವರ್ಷ ಮಗ್ಗುಲಲ್ಲಿ ಇಟ್ಟುಕೊಂಡ ವಸ್ತುವಿನ ಮುಖವನ್ನೇ ತಾನು ನೋಡಿಲ್ಲವಲ್ಲ.

ಶನಿವಾರ ಬೆಳಿಗ್ಗೆ ತಮ್ಮನ ಮುಂದೆ ಗಿಟಾರು ಇಟ್ಟಳು. "ಹೊಸದೇನೂ ಹೊಡಿಬೇಡ. ಈ ಕೆಂಪು ತೆಗೆಯೋಕಾಗುತ್ತಾ?"

"ಕೆಳಗಿರೋದು ಹೇಗಿದೆಯೋ ನಾನು ಹೇಳಲಾರೆ, ಅಕ್ಕ. ಆದ್ರೆ ಬಳಿದವನು ಸೋಮಾರಿ. ಉಜ್ಜದೆ ಬಳಿದಿದಾನೆ. ಬಿಸಿಗಾಳಿ ಕೊಟ್ರೆ ಸಿಪ್ಪೆ ಹಾಗೆ ಏಳುತ್ತೆ."

ಹಾಗೇ ಎದ್ದಿತು. ತಮ್ಮ ಬಿಸಿಗಾಳಿ ಬಿಡುತ್ತ ಹೋದ, ಅವಳು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯುತ್ತ ಹೋದಳು. ಮಾಸಿದ, ಹಳೆಯ ಬಾಟಲಿಯ ಗಾಜಿನಂಥ ಹಸಿರು ಅಂಗುಲ ಅಂಗುಲವಾಗಿ ಹೊರಬಂತು. ಸವೆದ ಜಾಗದ ಹತ್ತಿರ ಬಂದಾಗ ಆಕೆ ಕೈ ತಡೆದಳು. ಕೆಂಪು ಏಳುತ್ತಿತ್ತು, ಕೆಳಗೆ ಹಸಿರು ಇರಲಿಲ್ಲ. ಮರವೇ ಇತ್ತು. ಅವಳ ಅಂಗೈಯಗಲದ ಜಾಗದ ಸುತ್ತ ಇನ್ನೂ ನಾಲ್ಕು ಬೆರಳಷ್ಟು ಮರ, ನುಣ್ಣಗೆ.

ತಮ್ಮ ಬಗ್ಗಿ ನೋಡಿದ. "ಮೊದಲೇ ಯಾರೋ ಸವೆಸಿದಾರೆ ಅಕ್ಕ. ನಿನಗಿಂತ ದಪ್ಪ ಕೈ. ನೀನು ಸವೆಸಿದ್ದು ಬಾಗಿಲ ಪೇಂಟು ಮಾತ್ರ."

ಊರಿನವರ ಕಿವಿ ಪರೀಕ್ಷೆ ಮಾಡಲು ಹೋದವಳ ಕೈಗೇ ಸೊನ್ನೆ ಬಿದ್ದಿತ್ತು. ಮೊದಲು ಕೆನ್ನೆ ಬಿಸಿಯಾಯಿತು. ಆಮೇಲೆ ಆ ದಪ್ಪ ಕೈಯವರು ಯಾರಿರಬಹುದು, ಯಾವ ಕೋಣೆಯಲ್ಲಿ ಯಾವ ಹಾಡಿಗೆ ಇಷ್ಟು ತೇಯ್ದರು ಎಂದು ಯೋಚಿಸುತ್ತ, ಅಲ್ಲೇ ನಿಂತಿದ್ದ ಕಾರಿನ ಬಂಪರಿನ ಮೇಲೆ ಕೂತು ಜೋರಾಗಿ ನಕ್ಕಳು. ತಮ್ಮ ಗಾಬರಿಯಾಗಿ ನೀರು ತಂದುಕೊಟ್ಟ.

"ಏನೂ ಮುಚ್ಚಬೇಡ," ಎಂದಳು ನೀರು ಕುಡಿದು. "ಇದ್ದ ಹಾಗೇ ಇರಲಿ. ಬಣ್ಣ ಉದುರದ ಹಾಗೆ ಮೇಲೆ ತೆಳ್ಳಗೆ ವಾರ್ನಿಶ್ ಮಾತ್ರ ಹೊಡಿ."

ಡಾಕ್ಟರಿಗೂ ಯಜಮಾನರಿಗೂ ಈ ಕಥೆಯನ್ನು ಆಕೆಯೇ ಹೇಳಿದಳು, ಏನೂ ಮುಚ್ಚಿಡದೆ. ಸೇಡು ತೀರಿದ ಸಂತೋಷದಲ್ಲಿ ಅವರು ಆ ಭಾನುವಾರ ಎಂದಿಲ್ಲದಷ್ಟು ಚೆನ್ನಾಗಿ ನುಡಿಸಿದರು. ದನಿ ಹೇಗಿದೆ ಎಂದು ಅವಳೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಸಂಘದ ಕೂಟದಲ್ಲಿ ಆರು ಹಾಡು ಆದವು. ಎರಡನೆಯದರಲ್ಲಿ ಡಾಕ್ಟರು ಸಾಲು ಮರೆತು ಲಲಲ ಎಂದರು, ಸಭೆಯೂ ಲಲಲ ಎಂದಿತು. ಗಿಟಾರಿನ ಬಣ್ಣದ ಬಗ್ಗೆ ವೇದಿಕೆಯ ಹತ್ತಿರ ಬಂದು ಒಬ್ಬರೂ ವಿಚಾರಿಸಲಿಲ್ಲ. ಅವಳಿಗೆ ಅದರಿಂದ ಏನೂ ಅನ್ನಿಸಲಿಲ್ಲ. ಜೊತೆಗೆ ಬಂದಿದ್ದ ತಮ್ಮ ಮಾತ್ರ ಸಹಿಸಲಾಗದೆ, ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತ ಡಾಕ್ಟರುಗಳನ್ನು ಒಬ್ಬೊಬ್ಬರಾಗಿ ಹಿಡಿದು, "ಆ ಹಸಿರು ಗಿಟಾರು ನೋಡಿದ್ರಾ ಸಾರ್?" ಎಂದು ತಾನೇ ಕೇಳುತ್ತ ಹೋದ. ಅವರಲ್ಲಿ ಇಬ್ಬರು, ತಮ್ಮ ಕಾರಿಗೂ ಅದೇ ಬಣ್ಣ ಹೊಡೆದುಕೊಡಲು ಆಗುತ್ತದೆಯೇ ಎಂದು ಕೇಳಿ ಅವನ ಫೋನ್ ನಂಬರ್ ಬರೆದುಕೊಂಡರಂತೆ.